ನನ್ನ ಡಬ್ಬಿಯ ಮೂರು ಮೆಣಸಿನಕಾಯಿ

ಆಗ ನನಗೆ ಅರವತ್ತಮೂರು. ನಾಲ್ಕು ವರ್ಷದ ಹಿಂದಿನ ಮಾತು. ಕುರುಬರಹಳ್ಳಿಯಲ್ಲಿ ಒಂದು ಮನೆಯ ಕೆಳಗಿನ ಅಂತಸ್ತಿನಲ್ಲಿ ನಡೆಯುತ್ತಿದ್ದ ನರ್ಸರಿಯಲ್ಲಿ ಆಯಾ ಆಗಿದ್ದೆ. ಬೆಳಿಗ್ಗೆ ಬೀಗ ತೆಗೆಯುವುದು, ನೆಲ ಒರೆಸುವುದು, ಮಕ್ಕಳನ್ನು ಬಚ್ಚಲಿಗೆ ಕರೆದುಕೊಂಡು ಹೋಗುವುದು ನನ್ನ ಕೆಲಸ. ನಾನು ಓದಿದ್ದು ಎರಡನೇ ಕ್ಲಾಸು. ಪಾಠ ಹೇಳಲು ಮಿಸ್ಸು ಇದ್ದಳು. ಆ ವಾರ ಅಡುಗೆಮನೆ ಸಾಮಾನಿನ ಪಾಠ. ಇಪ್ಪತ್ತಮೂರು ವರ್ಷದ ಹುಡುಗಿ, ಪೀಜಿಯಲ್ಲಿ ಉಣ್ಣುವವಳು, ಅವಳ ಹತ್ತಿರ ಸಾಸಿವೆಕಾಳು ಎಲ್ಲಿಂದ ಬರಬೇಕು?

“ಆಯಮ್ಮ, ನಿಮ್ಮನೆ ಡಬ್ಬಿ ತರ್ತೀರಾ? ಜೀರಿಗೆ, ಸಾಸಿವೆ, ಧನಿಯಾ, ಏಲಕ್ಕಿ, ಲವಂಗ. ಮೆಣಸಿನಕಾಯಿ ಮಾತ್ರ ಬೇಡ, ಮೇಡಂ ಹೇಳಿದಾರೆ” ಅಂದಳು.

“ಮೆಣಸಿನಕಾಯಿ ಇಲ್ದೆ ಯಾವ ಪಾಠ ಕಣವ್ವ, ಪಾಯಸದ್ದಾ?” ಅಂದೆ. ಅವಳು ನಕ್ಕಳು.

ನಾನು ಡಬ್ಬಿಗೆ ಮೂರು ಗುಂಟೂರು ಮೆಣಸಿನಕಾಯಿ ಹಾಕಿಕೊಂಡೇ ಹೋದೆ. ಬೇಡ ಅಂದದ್ದನ್ನು ಮಾಡುವ ಬುದ್ಧಿ ನನಗೆ ಮೊದಲಿಂದಲೂ ಇದೆ.

ಮಕ್ಕಳನ್ನು ಚಾಪೆಯ ಮೇಲೆ ಸುತ್ತ ಕೂರಿಸಿದೆವು. ಮಿಸ್ಸು ಜೀರಿಗೆ ಹಿಡಿದು, ಇದು ಎಲ್ಲಿಂದ ಬರುತ್ತೆ ಅಂತ ಕೇಳಿದಳು.

“ಮೊಬೈಲಿಂದ” ಅಂದ ಒಬ್ಬ.

“ಅಲ್ಲ, ನಮ್ಮಪ್ಪ ಬೈಕಿನ್ಯಾಗ ತರ್ತಾನ” ಅಂದಳು ಗದಗಿನ ಕಡೆಯ ಹುಡುಗಿ. ಅವಳ ಅಪ್ಪ ಮನೆಮನೆಗೆ ಸಾಮಾನು ತಲುಪಿಸುವವನು. ಅವಳಿಗೆ ಅದು ನಿಜವೇ.

ನಾನು ಧನಿಯಾ ನೆಲದ ಮೇಲೆ ಹಾಕಿ ಚಪ್ಪಲಿಯಲ್ಲಿ ಉಜ್ಜಿದೆ. ಕಾಳು ಎರಡು ಹೋಳಾಯಿತು. ಅಂಗಳದ ಪೇಂಟ್ ಡಬ್ಬದ ಮಣ್ಣಿಗೆ ಒಂದೊಂದು ಮಗುವಿನ ಕೈಯಿಂದ ಹಾಕಿಸಿ, ಇದರಿಂದಲೇ ಕೊತ್ತಂಬರಿ ಸೊಪ್ಪು ಬರುವುದು ಅಂದೆ. ಸುಳ್ಳು ಹೇಳಬೇಡ ಅಂತ ಒಂದು ಮಗು ನನಗೇ ಗದರಿತು.

ಒಳಗೆ ಬಂದ ಮೇಲೆ ಮಿಸ್ಸಿಗೆ ಫೋನ್ ಬಂತು. ಗೇಟಿನ ಹತ್ತಿರ ಹೋದಳು. ಅದೇ ಹೊತ್ತು ಅಂತ ನಾನು ಒಂದು ಮೆಣಸಿನಕಾಯಿ ಮುರಿದು ಒಳಗಿನ ಬೀಜ ತೋರಿಸಿ, ಚೂರನ್ನು ಡಬ್ಬಿಗೇ ಹಾಕಿದೆ. ಅಷ್ಟರಲ್ಲಿ ಒಬ್ಬನಿಗೆ ಅವಸರ ಆಯಿತು. ಅವನನ್ನು ಎತ್ತಿಕೊಂಡು ಬಚ್ಚಲಿಗೆ ಓಡಿದೆ. ಡಬ್ಬಿ ಚಾಪೆಯ ಮೇಲೆ ಬಾಯಿ ತೆರೆದುಕೊಂಡೇ ಇತ್ತು.

ವಾಪಸ್ಸು ಬರುವಾಗ ಬಾಗಿಲಲ್ಲಿ ನಿಂತು ನೋಡಿದೆ. ಗದಗಿನ ಹುಡುಗಿ ಹೊಸ ಫ್ರಾಕು ಹಾಕಿಕೊಂಡು ಬಂದಿದ್ದ ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡಿದ್ದಳು.

“ನಿನಗ ದೃಷ್ಟಿ ಆಗೇತಿ. ಸುಮ್ನ ಕುಂದ್ರು. ಥೂ ಅನ್ನು, ಮೂರು ಸಲ.”

“ಉಗುಳಿದ್ರೆ ಮಿಸ್ ಬೈತಾರೆ.”

“ಮಿಸ್ ಹೊರಗ ಹೋಗ್ಯಾರ. ಲಗೂನ ಉಗುಳು.”

ಮುಷ್ಟಿಯನ್ನು ಅವಳ ತಲೆಯ ಸುತ್ತ ಮೂರು ಸಲ ಸುತ್ತಿಸಿದಳು. ಅಜ್ಜಿ ಮಾಡುವುದನ್ನು ನೋಡಿ ಕಲಿತಿದ್ದಳು. ನನಗೆ ನಗು ಬಂತು. ಮುಷ್ಟಿಯಲ್ಲಿ ಸಾಸಿವೆಯ ಜೊತೆ ಏನಿರುತ್ತದೆ ಅಂತ ಹೊಳೆಯುವ ಹೊತ್ತಿಗೆ ಅವಳು ಕೈ ಕೊಡವಿ, ಎರಡೂ ಅಂಗೈಯಿಂದ ಆ ಹುಡುಗಿಯ ಮುಖ ನೀವಿ, ತನ್ನ ಕಪಾಲಕ್ಕೆ ನೆಟಿಗೆ ಮುರಿದುಕೊಂಡಳು. ಹಿಚುಕಿದ ಮೆಣಸಿನಕಾಯಿಯ ಕೈ.

ಹೊಸ ಫ್ರಾಕಿನ ಹುಡುಗಿ ಕಿರುಚಿದ್ದು ಮೂರನೇ ಮನೆಗೆ ಕೇಳಿಸಿತು. ನಲ್ಲಿಯ ಕೆಳಗೆ ತಲೆ ಒತ್ತಿ ಹಿಡಿದು ನೀರು ಬಿಟ್ಟೆ. ಕಣ್ಣು ಬಿಡು ಅಂದರೆ ಮಗು ಬಿಡಲಿಲ್ಲ, ನನ್ನ ಕೈ ಕಚ್ಚಿತು. ಬಹಳ ಹೊತ್ತಿನ ಮೇಲೆ ಒಂದು ಕಣ್ಣು, ಆಮೇಲೆ ಇನ್ನೊಂದು ತೆರೆಯಿತು. ಕೆಂಡದ ಹಾಗಿತ್ತು, ಆದರೆ ಗೇಟಿನಿಂದ ಓಡಿ ಬಂದ ಮಿಸ್ಸು ಬೆರಳು ತೋರಿಸಿ ಎಷ್ಟು ಅಂದರೆ ಸರಿಯಾಗಿ ಹೇಳಿತು. ಅದರ ತಂದೆ ತಾಯಿ ಬಂದು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಕಣ್ಣಿಗೆ ಏನೂ ಆಗಿಲ್ಲ ಅಂತ ಫೋನ್ ಬಂತು. ಅದನ್ನು ಕೇಳಿದ ಕೂಡಲೇ ನಾನು ಮಾಡಿದ ಮೊದಲ ಕೆಲಸ, ಡಬ್ಬಿಯನ್ನು ಸಿಂಕಿನ ಕೆಳಗೆ ಫಿನಾಯಿಲ್ ಕ್ಯಾನಿನ ಹಿಂದೆ ತಳ್ಳಿದ್ದು.

ಮೇಡಂ ಬಂದರು. ಶಾಲೆ ಅವರದು. ಮೆಣಸಿನಕಾಯಿ ಎಲ್ಲಿಂದ ಬಂತು ಅಂದರು.

“ನಾನು ತರಿಸಿಲ್ಲ ಮೇಡಂ” ಅಂದಳು ಮಿಸ್ಸು. ಅದು ಸುಳ್ಳಲ್ಲ.

ಮೇಡಂ ಗದಗಿನ ಹುಡುಗಿಯ ಕಡೆ ಬಗ್ಗಿ, “ನೀನು ಮನೆಯಿಂದ ತಂದ್ಯಾ?” ಅಂದರು. ಹುಡುಗಿ ಹೂಂ ಅಂದಳು. ಗಾಬರಿಯಾದರೆ ಆ ಮಗು ಏನು ಕೇಳಿದರೂ ಹೂಂ ಅನ್ನುತ್ತದೆ. ಅದು ನನಗೆ ಗೊತ್ತು, ಮೇಡಂಗೆ ಗೊತ್ತಿಲ್ಲ. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ, ಈಗ ಒಳ್ಳೆಯವಳ ಹಾಗೆ ಬರೆಯಲಾರೆ.

ಹುಡುಗಿಯ ತಾಯಿಯನ್ನು ಕರೆಸಿದರು. ಹೊಲಿಗೆ ಬಿಟ್ಟು ಬಂದಿದ್ದಳು, ಸೆರಗಿನಲ್ಲಿ ಸೂಜಿ ಚುಚ್ಚಿಕೊಂಡೇ ಇತ್ತು.

“ನಾಳೆಯಿಂದ ಕಳಿಸಬೇಡಿ. ಬೇರೆ ಮಕ್ಕಳ ಜವಾಬ್ದಾರಿ ನಮಗಿದೆ” ಅಂದರು ಮೇಡಂ. ನೆಲದಲ್ಲಿ ಸಿಕ್ಕಿದ ಅರ್ಧ ಮೆಣಸಿನಕಾಯಿಯನ್ನು ತೊಟ್ಟಿನ ಸಮೇತ ಕಾಗದದ ಮೇಲೆ ಇಟ್ಟಿದ್ದರು.

ಅವಳು ಅದನ್ನು ಎತ್ತಿ ಬೆಳಕಿಗೆ ಹಿಡಿದಳು. “ಇದು ನಮ್ಮದಲ್ರಿ. ನಮ್ಮ ಮನ್ಯಾಗ ಬ್ಯಾಡಗಿ ಬಿಟ್ರ ಬ್ಯಾರೆ ಇಲ್ಲ, ಊರಿಂದ ಚೀಲ ಬರ್ತೈತಿ. ಅದು ಸುಕ್ಕ ಸುಕ್ಕ ಇರ್ತೈತಿ. ಇದು ನೋಡ್ರಿ, ನುಣ್ಣಗೈತಿ. ಗುಂಟೂರು.”

“ಮಗುನೇ ಒಪ್ಕೊಂಡಿದೆಯಮ್ಮ. ಮೆಣಸಿನಕಾಯಿ ಜಾತಿ ಕಟ್ಕೊಂಡು ನಾನೇನು ಮಾಡ್ಲಿ?”

ತಾಯಿ ಮಗಳ ಗಲ್ಲ ಹಿಡಿದಳು. “ಖರೇ ಹೇಳು. ನೀ ತಂದೇನು?”

ಹುಡುಗಿ ತಾಯಿಯನ್ನು ನೋಡಲಿಲ್ಲ. ಬಾಗಿಲ ಹತ್ತಿರ ನಿಂತಿದ್ದ ನನ್ನನ್ನು ನೋಡಿದಳು. ನಾನು ಬಗ್ಗಿ ನೆಲ ಒರೆಸುವ ಬಟ್ಟೆ ಹಿಂಡಿದೆ. ಹಿಂಡಿದ್ದನ್ನೇ ಮತ್ತೆ ಹಿಂಡಿದೆ. ತಾಯಿ ಮಗಳ ಬ್ಯಾಗು ಹೆಗಲಿಗೆ ಹಾಕಿಕೊಂಡು ಕರೆದುಕೊಂಡು ಹೋದಳು.

ಸಂಜೆ ಗೇಟಿನಲ್ಲಿ ಮಿಸ್ಸು, “ಡಬ್ಬಿ ಎಲ್ಲಿ ಆಯಮ್ಮ?” ಅಂದಳು. ಚೀಲದಲ್ಲಿದೆ ಅಂದೆ. ಅವಳು ಚೀಲ ನೋಡಿದಳು, ನನ್ನ ಮುಖ ನೋಡಿದಳು, ಬಸ್ಸಿಗೆ ಹೊತ್ತಾಯಿತು ಅಂತ ಹೋದಳು. ಮನೆಯಲ್ಲಿ ಒಗ್ಗರಣೆಗೆ ಅಂತ ಡಬ್ಬಿ ತೆಗೆದೆ. ಉಳಿದ ಒಂದು ಇಡೀ ಮೆಣಸಿನಕಾಯಿ ನುಣ್ಣಗೆ ಹೊಳೆಯಿತು. ಮುಚ್ಚಿಟ್ಟು ಮೊಸರನ್ನ ಕಲಸಿಕೊಂಡು ಉಂಡೆ.

ಮಾರನೇ ದಿನ ಬೆಳಿಗ್ಗೆ ಮಕ್ಕಳು ಬರುವ ಮೊದಲೇ ಮೇಡಂ ಮೇಜಿನ ಮೇಲೆ ಡಬ್ಬಿ ತೆರೆದಿಟ್ಟೆ.

“ಇದು ನಮ್ಮನೇದು. ಮೂರು ತಂದಿದ್ದೆ. ಒಂದು ನಾನು ಮುರಿದೆ, ಒಂದು ಆ ಮಗು ಕೈಗೆ ಸಿಕ್ತು, ಒಂದು ಇಲ್ಲಿದೆ. ಮಿಸ್ಸು ಬೇಡ ಅಂದಿದ್ಲು.”

ಮೇಡಂ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡರು. “ನಿನ್ನೆ ಯಾಕೆ ಬಾಯಿ ಬಿಡಲಿಲ್ಲ?”

“ಕೆಲಸ ಹೋಗುತ್ತೆ ಅಂತ.”

“ಇವತ್ತು ಹೋಗಲ್ವಾ?”

“ಹೋಗುತ್ತೆ. ಆ ಹುಡುಗಿ ಅಮ್ಮಂಗೆ ಈಗಲೇ ಫೋನ್ ಮಾಡಿ. ನಾನು ಇಲ್ಲೇ ನಿಂತಿರ್ತೀನಿ.”

ಫೋನು ಎರಡು ಸಲ ಮಾಡಬೇಕಾಯಿತು. ಎರಡನೇ ಸಲ ಎತ್ತಿದರು. ಮೇಡಂ “ಇವತ್ತೇ ಕಳಿಸಿ” ಅನ್ನುವವರೆಗೂ ನಾನು ಮೇಜು ಬಿಟ್ಟು ಕದಲಲಿಲ್ಲ. ಆಮೇಲೆ ಶಾಲೆಯ ಬೀಗದ ಕೈ ಅವರ ಮುಂದಿಟ್ಟು, ಪೇಂಟ್ ಡಬ್ಬಕ್ಕೆ ಒಂದು ಚೊಂಬು ನೀರು ಹಾಕಿ, ನನ್ನ ಡಬ್ಬಿ ತೆಗೆದುಕೊಂಡು ಹೊರಟೆ.