ಕುಸುಬೆ ಎಣ್ಣೆ ಕುಡಿದ ಏರ್‌ಬ್ರಷ್

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವರಲ್ಲಿ ನಾನೇ ಮೊದಲಿಗ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಸಂಕೋಚಪಡುವಷ್ಟು ಸಲೀಸಾಗಿ ಅದು ಬಂದದ್ದಲ್ಲ. ಅಪ್ಪ ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಚೀಲ ಹೊರುವ ಹಮಾಲ. ನಾನು ಮೂರು ವರ್ಷ ಕುಪ್ಪೇಲೂರಿನಿಂದ ರಾಣೆಬೆನ್ನೂರಿಗೆ ಬಸ್ಸಿನ ಬಾಗಿಲಲ್ಲಿ ಜೋತುಬಿದ್ದು ಹೋಗಿ ಬಿ.ಎಸ್ಸಿ. ಮುಗಿಸಿದೆ, ಅದೂ ರಸಾಯನಶಾಸ್ತ್ರ ತೆಗೆದುಕೊಂಡು. ಅವ್ವ ಆ ಪ್ರಮಾಣಪತ್ರಕ್ಕೆ ಗಾಜು ಹಾಕಿಸಿ ದೇವರ ಜಗಲಿಯ ಮೇಲೆ ಇಟ್ಟಳು. ದಿನಾ ಅದಕ್ಕೂ ವಿಭೂತಿ ಹಚ್ಚುತ್ತಿದ್ದಳು. ಗಾಜು ಮಸುಕಾಗಿ ನನ್ನ ಹೆಸರೇ ಕಾಣದಂತಾದ ಮೇಲೆ ಬಿಟ್ಟಳು.

ಇಷ್ಟು ಓದಿದವನು ಹಾವೇರಿಯಲ್ಲಿ ಹೈವೇ ಪಕ್ಕದ ಶೆಡ್ಡೊಂದರಲ್ಲಿ ಲಾರಿಗೆ ಬಣ್ಣ ಹೊಡೆಯುವ ಕೆಲಸಕ್ಕೆ ಸೇರಿದಾಗ ಊರಿನ ಕೆಲವರಿಗೆ ಬಹಳ ಸಮಾಧಾನವಾಯಿತು. ಚಿತ್ರ ಬರೆಯುವುದು ನನಗೆ ಇಷ್ಟ, ಅದಕ್ಕೇ ಸೇರಿದೆ ಎಂದರೆ ಯಾರೂ ನಂಬಲಿಲ್ಲ. ನೌಕರಿ ಸಿಗಲಿಲ್ಲ ಎಂದೆ. ಕೂಡಲೇ ನಂಬಿದರು, ಕೂರಿಸಿ ಚಹಾನೂ ಕೊಟ್ಟರು.

ಶೆಡ್ಡಿನ ಯಜಮಾನರನ್ನು ಎಲ್ಲರೂ ಚಾಚಾ ಎನ್ನುತ್ತಿದ್ದರು. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವರು. ನಲವತ್ತು ವರ್ಷದಿಂದ ಇದೇ ಕೆಲಸ. ಲಾರಿಯ ಹಿಂದೆ ಬಳ್ಳಿ, ಹೂವು, ಅಕ್ಷರ ಬರೆಯುವುದು ನನ್ನ ಪಾಲು. ಮುಖ ಬರೆಯುವುದು ಅವರೊಬ್ಬರ ಪಾಲು. ಎರಡು ವರ್ಷ ನಾನು ಬರೆದ ಬಳ್ಳಿಯನ್ನು ಒಟ್ಟಿಗೆ ಹಾಸಿದ್ದರೆ ಬ್ಯಾಡಗಿ ಮುಟ್ಟುತ್ತಿತ್ತೇನೋ. ನನಗೆ ಬೇಕಾಗಿದ್ದು ಒಂದು ಮುಖ.

ಅದು ತಾನಾಗಿಯೇ ಒಲಿದು ಬಂತು. ಅಪ್ಪ ಚೀಲ ಹೊರುತ್ತಿದ್ದ ಅಂಗಡಿಯ ಸಾಹುಕಾರರು ಹೊಸ ಲಾರಿ ತಂದರು. ಹಿಂಬದಿಗೆ ತೀರಿಹೋದ ತಾಯಿಯ ಮುಖ ಬರೆಸಬೇಕಿತ್ತು. ಚಾಚಾನ ಎದುರಿಗೇ ಹೇಳಿದರು: "ನಮ್ಮ ಹಮಾಲನ ಮಗ ಬರೀಲಿ. ಬಿ.ಎಸ್ಸಿ. ಆದಾವ್ರು ಅದಾರ. ಪ್ಯಾಟ್ಯಾಗ ಎಲ್ಲಾರಿಗೂ ಹೇಳಿಬಿಟ್ಟೇನಿ."

ಚಾಚಾ ಮುಖದ ಮೇಲೆ ಏನೂ ತೋರಿಸಲಿಲ್ಲ. "ಬರೀಲಿ ಬಿಡ್ರಿ. ಓದಿದಾಂವ ಅದಾನ," ಎಂದರು.

ಮುಖ ಬರೆಯುವ ಏರ್‌ಬ್ರಷ್ ಎಂದರೆ ನೋಡಲಿಕ್ಕೆ ದಪ್ಪ ಪೆನ್ನು. ಒಳಗೆ ಉದ್ದನೆಯ ಸೂಜಿ, ಮೇಲೆ ಬಣ್ಣ ಹಾಕುವ ಸಣ್ಣ ಬಟ್ಟಲು, ತೋರುಬೆರಳಿನ ಕೆಳಗೆ ಒಂದು ಗುಂಡಿ. ಕಂಪನಿಯವರು ಅದನ್ನು ಟ್ರಿಗರ್ ಎನ್ನುತ್ತಾರೆ. ನಮ್ಮ ಶೆಡ್ಡಿನಲ್ಲಿ ಘೋಡಾ. ಘೋಡಾ ಕೆಳಗೆ ಒತ್ತಿದರೆ ಗಾಳಿ, ಹಿಂದಕ್ಕೆ ಎಳೆದರೆ ಬಣ್ಣ. ಎಷ್ಟು ಎಳೆದರೆ ಅಷ್ಟು ಬಣ್ಣ. ಮುಖದ ಕೆಲಸವೆಲ್ಲ ಇರುವುದು ಆ ಎಳೆತದಲ್ಲಿ. ಕೂದಲೆಳೆಯಷ್ಟು ಹೆಚ್ಚಾದರೂ ಗಲ್ಲದ ನೆರಳು ಹೋಗಿ ಬಾವು ಬಂದಂತೆ ಕಾಣುತ್ತದೆ.

ನನ್ನದು ಆನ್‌ಲೈನಿನಲ್ಲಿ ತರಿಸಿದ್ದು. ಅದರ ಘೋಡಾ ಎಳೆದರೆ ಬೆರಳಿಗೆ ಮರಳು ಸಿಕ್ಕಂತಾಗುತ್ತಿತ್ತು. ಫೋನಿನಲ್ಲಿ ವೀಡಿಯೋ ನೋಡಿದೆ. ಕೈಗವಸು ಹಾಕಿಕೊಂಡ ಪರದೇಶದವನೊಬ್ಬ ಪುಟ್ಟ ಶೀಷೆಯಿಂದ ಒಂದು ಹನಿ ಎಣ್ಣೆ ಬಿಡುತ್ತಿದ್ದ. ಆ ಶೀಷೆ ಹಾವೇರಿಯ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಚಾಚಾನನ್ನು ಕೇಳಬಹುದಿತ್ತು. ಆದರೆ ಮೂರನೆಯ ಇಯತ್ತೆಯವರನ್ನು ಬಿ.ಎಸ್ಸಿ. ಯಾಕೆ ಕೇಳಬೇಕು? ಮನೆಯಲ್ಲಿ ಅವ್ವ ಬಾಗಿಲ ತಿರುಗಣಿಗೆ, ಕೀಲಿಗೆ, ನನ್ನ ತಲೆಗೆ, ರೊಟ್ಟಿಯ ಜೊತೆಗಿನ ಚಟ್ನಿಗೆ ಎಲ್ಲಕ್ಕೂ ಕುಸುಬೆ ಎಣ್ಣೆಯನ್ನೇ ಹಾಕುತ್ತಿದ್ದಳು. ನಾನೂ ಅದನ್ನೇ ಹಾಕಿದೆ.

ಮೊದಲ ದಿನ ಘೋಡಾ ಬೆಣ್ಣೆಯಲ್ಲಿ ಓಡಾಡಿತು. ಅಂದು ಮಧ್ಯಾಹ್ನ ಘರ್ಷಣೆಯ ಕುರಿತು ಶೆಡ್ಡಿನವರಿಗೆ ಅರ್ಧ ತಾಸು ತಿಳಿವಳಿಕೆ ಕೊಟ್ಟೆ. ಸಾಹುಕಾರರ ಲಾರಿಯ ಡ್ರೈವರ್ ಕೂಡ ಕೇಳಿದ. ಮಲಗಿದ್ದನೆಂದು ಆಮೇಲೆ ಗೊತ್ತಾಯಿತು. ಒಳ್ಳೆಯದನ್ನು ಇನ್ನಷ್ಟು ಒಳ್ಳೆಯದು ಮಾಡೋಣವೆಂದು ಪ್ರತಿ ಸಂಜೆ ಒಂದೊಂದು ಹನಿ ಬಿಡುತ್ತ ಹೋದೆ. ನಡುವೆ ಊರಿನಲ್ಲಿ ಮದುವೆಯೆಂದು ಒಂದು ವಾರ ರಜೆ ಹಾಕಿದೆ. ಏರ್‌ಬ್ರಷ್ ಪೆಟ್ಟಿಗೆಯಲ್ಲಿ ಶೆಡ್ಡಿನ ತಗಡಿನ ಬಿಸಿಗೆ ಕುಳಿತಿತ್ತು.

ತಾಯಿಯ ಮುಖ ಬರೆಯುವ ದಿನ ಸಾಹುಕಾರರು ತಾವೇ ಬ್ಯಾಡಗಿಯಿಂದ ಬಂದು ಕುರ್ಚಿ ಹಾಕಿಸಿಕೊಂಡು ಕುಳಿತರು. ಹಣೆ ಬಂತು, ಗಲ್ಲ ಬಂತು. ಘೋಡಾ ಸ್ವಲ್ಪ ಬಿಗಿ ಎನಿಸಿತು, ಜೋರಾಗಿ ಎಳೆದೆ. ಮೇಲಿನ ತುಟಿಯ ನೆರಳಿಗೆ ಕೈಹಾಕಿದಾಗ ಹಿಂದಕ್ಕೆ ಹೋದ ಘೋಡಾ ಮರಳಿ ಬರಲೇ ಇಲ್ಲ. ಬೆರಳು ಸಡಿಲಿಸಿದರೂ ಸೂಜಿ ಹಿಂದೆಯೇ ಅಂಟಿ ನಿಂತಿತ್ತು. ಕಂದು ಬಣ್ಣ ಬುಸ್ಸೆಂದಿತು.

ಸಾಹುಕಾರರು ಕುರ್ಚಿಯಿಂದ ಎದ್ದರು. "ಏನ್ರಿ ಇದು? ನಮ್ಮವ್ವಗ ಮೀಸಿ ಬಂತಲ್ಲರಿ!"

"ದೊಡ್ಡಪ್ಪನ್ನ ಬರಿಸ್ತಾರೇನ ಅಂತ ಮಾಡಿದ್ದೆ," ಎಂದ ಡ್ರೈವರ್.

"ಕಂಪನಿ ಮಾಲ ಸುಮಾರ ಐತ್ರಿ ಸಾಹುಕಾರ್ರ," ಎಂದೆ ನಾನು. ಓದಿದವನಿಗೆ ಮೊದಲು ಬಾಯಿಗೆ ಬರುವುದು ಕಾರಣ.

ಚಾಚಾ ಸಾಹುಕಾರರನ್ನು ಚಹಾ ಅಂಗಡಿಗೆ ಕಳಿಸಿದರು, ಡ್ರೈವರನನ್ನೂ ಜೊತೆಗೆ. ಆಮೇಲೆ ನನ್ನ ಏರ್‌ಬ್ರಷ್ ಬಿಚ್ಚಿ, ಸೂಜಿ ಹೊರಗೆಳೆದು ಮೂಸಿದರು.

"ಇದೇನೋ, ಒಗ್ಗರಣಿ ಹಾಕೀಯೇನ ಇದಕ?"

"ಕುಸಬಿ ಎಣ್ಣಿ, ಚಾಚಾ."

"ನಿಮ್ಮ ಮನ್ಯಾಗ ಎಣ್ಣಿ ಡಬ್ಬಿ ಬಾಯಿಗೆ ಯಾವಾಗರ ಕೈ ಹಚ್ಚಿ ನೋಡೀಯೇನ? ಅಂಟ ಕಟ್ಟಿರತೈತಿ. ಡಬ್ಬೀನ ಹಂಗ ಮಾಡಿದ್ದು ಘೋಡಾನ ಬಿಡತೈತೇನ?"

ಆಗ ನೆನಪಾಯಿತು. ಎರಡನೆಯ ವರ್ಷದ ಪರೀಕ್ಷೆಯಲ್ಲಿ ಇದೇ ಪ್ರಶ್ನೆ ಬಂದಿತ್ತು. ಎಣ್ಣೆಗಳ ಅಯೋಡಿನ್ ಮೌಲ್ಯ. ಅಗಸೆ, ಕುಸುಬೆ ಗಾಳಿಗೆ ಒಣಗಿ ಪದರ ಕಟ್ಟುವ ಎಣ್ಣೆಗಳು. ಎರಡು ಪುಟ ಬರೆದು ಪೂರ್ತಿ ಅಂಕ ತೆಗೆದುಕೊಂಡಿದ್ದೆ. ಪರೀಕ್ಷೆಯ ಎಣ್ಣೆ ಬೇರೆ, ಅವ್ವನ ಎಣ್ಣೆ ಬೇರೆ ಎಂದು ಮೂರು ವರ್ಷ ನಂಬಿಕೊಂಡೇ ಪಾಸಾಗಿದ್ದೆ.

ಚಾಚಾ ಘೋಡಾ, ಸ್ಪ್ರಿಂಗು ಎಲ್ಲವನ್ನೂ ಥಿನ್ನರಿನಲ್ಲಿ ನೆನೆಹಾಕಿದರು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಸೂಜಿಯನ್ನು ಬಟ್ಟೆಯಲ್ಲಿ ಹಿಡಿದು ತಿರುಗಿಸುತ್ತ ಚೂಪಿನ ಕಡೆಗೆ ಒರೆಸಿದರು. ಹಲ್ಲುಕಡ್ಡಿಯ ತುದಿಯಲ್ಲಿ ಹೊಲಿಗೆ ಯಂತ್ರದ ಎಣ್ಣೆ ತಗುಲಿಸಿ ಘೋಡಾದ ಬುಡಕ್ಕೆ ಮುಟ್ಟಿಸಿ, ಅದನ್ನೂ ಮತ್ತೆ ಒರೆಸಿದರು. ಹಿಂದಿನ ತಿರುಪನ್ನು ಒಂದೂವರೆ ಸುತ್ತು ಸಡಿಲಿಸಿ, ಕಣ್ಣು ಮುಚ್ಚಿ ಎಳೆದು ನೋಡಿ, ಅರ್ಧ ಸುತ್ತು ಮರಳಿ ಬಿಗಿ ಮಾಡಿದರು. ನನ್ನ ಬೆರಳಿಗೆ ಕೊಟ್ಟರು. ಮರಳು ಹೋಗಿತ್ತು. ಬಿಟ್ಟರೆ ತಾನೇ ಮುಂದಕ್ಕೆ ಬರುತ್ತಿತ್ತು.

"ಎಣ್ಣಿ ಹಾಕೂದ ಅಲ್ಲ, ತೆಗಿಯೂದ ಕೆಲಸ," ಎಂದವರೇ ಲಾರಿಯ ಮೇಲಿನ ಮೀಸೆ ಒರೆಸಿದರು. ಅದೇ ಏರ್‌ಬ್ರಷ್ಷಿನಿಂದ ಮುಖವನ್ನೂ ತಾವೇ ಬರೆದು ಮುಗಿಸಿದರು. ನಾನು ತಾಯಿಯ ಫೋಟೋ ಹಿಡಿದು ನಿಂತೆ. ಆ ಕೆಲಸಕ್ಕೆ ಡಿಗ್ರಿ ಬೇಕಾಗಿರಲಿಲ್ಲ.

ಸಾಹುಕಾರರು ಚಹಾ, ಮಂಡಕ್ಕಿ, ಮಿರ್ಚಿ ಎಲ್ಲ ಮುಗಿಸಿ ಬಂದು ಮುಖ ನೋಡಿದರು. ಅವರ ಕಣ್ಣು ತುಂಬಿದವು. "ಖರೇ ನಮ್ಮವ್ವನ! ಓದಿದವರ ಕೈನ ಬ್ಯಾರೆ ಬಿಡ್ರಿ. ಪ್ಯಾಟ್ಯಾಗ ಇನ್ನ ಮ್ಯಾಲ ಎಲ್ಲಾ ಲಾರಿಗೂ ನಿಮ್ಮ ಕಡಿಂದನ ಮುಖಾ ಬರಸೂದು."

ನಾನು ಸುಮ್ಮನಿದ್ದಿದ್ದರೆ ಎರಡು ವರ್ಷದ ಬಳ್ಳಿ ಅಲ್ಲಿಗೆ ಮುಗಿಯುತ್ತಿತ್ತು. ಚಾಚಾ ಬೇರೆ ಕಡೆ ನೋಡುತ್ತ ಕೈ ತೊಳೆಯುತ್ತಿದ್ದರು. ಆದರೆ ಓದನ್ನು ನಾನು ಕದ್ದು ತಂದಿರಲಿಲ್ಲ, ಮುಖವನ್ನು ಕದಿಯುವುದು ಆಗಲಿಲ್ಲ. "ನಾನಲ್ರಿ, ಚಾಚಾ ಬರದಾರ. ತಪ್ಪು ಕಂಪನೀದೂ ಅಲ್ಲ, ನಂದು," ಎಂದೆ.

ಸಾಹುಕಾರರ ಕಣ್ಣು ಅಲ್ಲೇ ಒಣಗಿದವು. ಎರಡು ಹೆಜ್ಜೆ ಹಿಂದೆ ಸರಿದು, ತಲೆ ವಾರೆ ಮಾಡಿದರು. "ಹಂಗನ್ರಿ? ಅದಕ್ಕನ... ಮೂಗು ಯಾಕೋ ಸ್ವಲ್ಪ ಬ್ಯಾರೆ ಕಾಣಾಕತ್ತೈತಿ. ಒಂದ ಸಲ ಇವರ ಕೈ ಆಡಿಸಿಬಿಡ್ಲಿ."

ಚಾಚಾ ಏರ್‌ಬ್ರಷ್ ನನ್ನ ಕೈಗೆ ಕೊಟ್ಟರು. ಬಟ್ಟಲು ನೋಡಿದೆ: ತೊಳೆದ ತಾಟಿನಂತೆ ಖಾಲಿ. ಅವರ ಮುಖ ನೋಡಿದೆ: "ಮಾಡ, ಲಗೂ ಮಾಡ," ಎಂದರು. ನಾನು ಘೋಡಾ ಒತ್ತಿ ಮೂಗಿನ ಎಡಕ್ಕೆ, ಬಲಕ್ಕೆ ಬರಿಯ ಗಾಳಿ ಬಿಟ್ಟೆ. ಮೂಗಿನ ತುದಿಗೆ ಇನ್ನೂ ಸ್ವಲ್ಪ ಬಿಟ್ಟೆ.

"ನೋಡ್ರಿ ಈಗ! ಈಗ ಬಂದ್ಲು ನಮ್ಮವ್ವ!" ಎಂದರು ಸಾಹುಕಾರರು. ಡ್ರೈವರ್ ಕೂಡ ಹೌದೆಂದು ಗೋಣು ಹಾಕಿದ.

ಲಾರಿ ಹೈವೇ ಹತ್ತಿದ ಮೇಲೆ ನಾನು ಕೇಳಿದೆ: "ಹಂಗಾರ ನನಗ ಮುಖಾ ಇಲ್ಲನ್ರಿ, ಚಾಚಾ?"

ಅವರು ನನ್ನ ಏರ್‌ಬ್ರಷ್ಷಿನ ಘೋಡಾವನ್ನು ಮತ್ತೊಮ್ಮೆ ಎಳೆದು ಬಿಟ್ಟು ನೋಡಿದರು.

"ನಾಳೆ ಐರಣಿಯಿಂದ ಟ್ರ್ಯಾಕ್ಟರ್ ಟ್ರಾಲಿ ಬರತೈತಿ, ಎತ್ತಿನ ಮುಖಾ ಬರೀಬೇಕಂತ. ಅದನ್ನ ನೀ ಬರಿ. ಅದರ ಮಗ ಬಂದು ಮೂಗ ನೋಡಂಗಿಲ್ಲ."