ಕಡಲ ಹೂಗಳ ನಡುವಿನ ಬರಿಗಲ್ಲು

ಉಪ್ಪುನೀರಿನಲ್ಲಿ ನೆನೆದು ನೆನೆದು ಅವನ ಕೈಗಳು ಮೊಣಕೈಯವರೆಗೂ ಬಿಳಿಚಿಕೊಂಡಿದ್ದವು. ಅದಕ್ಕೇ ಎಲ್ಲರೂ ಅವನನ್ನು ಉಪ್ಪಣ್ಣ ಎಂದು ಕರೆಯುತ್ತಿದ್ದರು. ಮೀನಿನ ಪ್ರದರ್ಶನಾಲಯದಲ್ಲಿ ಅವನು ಇಪ್ಪತ್ತಾರು ವರ್ಷ ತೊಟ್ಟಿಗಳನ್ನು ನೋಡಿಕೊಂಡ. ವರ್ಷಕ್ಕೊಮ್ಮೆ ನಾನು ಶಾಲೆಯ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದೆ. ದೊಡ್ಡ ಮೀನುಗಳ ಮುಂದೆ ಮಕ್ಕಳು ಬಾಯಿ ಬಿಟ್ಟುಕೊಂಡು ನಿಂತರೆ ಅವನಿಗೆ ಸಮಾಧಾನವಿಲ್ಲ. ಐದನೆಯ ತೊಟ್ಟಿಗೆ ಎಳೆದುಕೊಂಡು ಬರುತ್ತಿದ್ದ.

ಅಲ್ಲಿ ಒಂದೇ ಬಂಡೆಯ ಮೇಲೆ ಕಡಲ ಹೂಗಳಿದ್ದವು. ಹೆಸರಿಗೆ ಹೂವು, ಜಾತಿಯಲ್ಲಿ ಪ್ರಾಣಿ. ಎಡಕ್ಕೆ ಕೆಂಪಿನವು, ಬಲಕ್ಕೆ ಹಸಿರಿನವು, ನಡುವೆ ನಾಲ್ಕು ಬೆರಳಗಲ ಬರಿಗಲ್ಲು.

"ಕೆಂಪಿನವೆಲ್ಲ ಒಂದೇ ಹೂವು ಸೀಳಿ ಸೀಳಿ ಆದವು ಮಕ್ಕಳೇ. ಒಂದರ ಮೇಲೊಂದು ಒರಗಿದ್ರೂ ಜಗಳ ಇಲ್ಲ. ಹಸಿರು ಮೈ ತಾಗಿತೋ, ಕುತ್ತಿಗೆ ಕೆಳಗೆ ಬಿಳೀ ಗುಳ್ಳೆ ಉಬ್ಬಿಸಿಕೊಂಡು ಬಾಗಿ ಒತ್ತಿಬಿಡ್ತವೆ. ತಾಗಿದ ಕಡೆ ಮೈ ಸುಟ್ಟು ಕೊಳೀತದೆ. ಈ ಖಾಲಿ ಜಾಗ ಅವೇ ಹಾಕ್ಕೊಂಡ ಗಡಿ."

ಆ ಕೆಂಪಿನವನ್ನು ಒಂದೇ ಒಂದು ಹೂವಿನಿಂದ ಹದಿನೆಂಟು ವರ್ಷ ಸಾಕಿ ನೂರಕ್ಕೆ ಮುಟ್ಟಿಸಿದವನು ಅವನೇ. ಸಿಗಡಿಯ ಚೂರನ್ನು ಚಿಮುಟದಲ್ಲಿ ಹಿಡಿದು ಒಂದೊಂದಕ್ಕೂ ಉಣಿಸುತ್ತಿದ್ದ.

ಹೊಸದಾಗಿ ಬಂದ ಮೇಲ್ವಿಚಾರಕಿಗೆ ಆ ಖಾಲಿ ಜಾಗ ಕಣ್ಣಿಗೆ ಚುಚ್ಚಿತು. ಮುಂದಿನ ವಾರ ಮೇಲಿನವರು ನೋಡಲು ಬರುವವರಿದ್ದರು.

"ಏನಪ್ಪಾ ಇದು, ಬೋಳುತಲೆ ಥರ? ತುಂಬಿಸು."

"ಬೇಡಿ ಮೇಡಂ, ಕಚ್ಚಾಡಿ ಸಾಯ್ತವೆ."

"ಹೂವು ಕಚ್ಚಾಡ್ತಾವಾ? ಕೆಲಸ ತಪ್ಪಿಸೋಕೆ ಒಳ್ಳೇ ಕಥೆ."

ಪಕ್ಕದಲ್ಲಿ ಅವನ ಭಾವಮೈದುನನಿದ್ದ. ಹೆಂಡತಿಯ ತಮ್ಮನೆಂದು ಉಪ್ಪಣ್ಣನೇ ಯಾರ್ಯಾರದೋ ಕೈಕಾಲು ಹಿಡಿದು ಕೆಲಸಕ್ಕೆ ಸೇರಿಸಿದ್ದ ಹುಡುಗ. "ನಾನು ಮಾಡ್ತೀನಿ ಬಿಡಿ ಮೇಡಂ. ಭಾವಂಗೆ ವಯಸ್ಸಾಯ್ತು," ಎಂದ. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿ ಅವನು. ಉಪ್ಪಣ್ಣನ ವಾರದ ರಜೆಯ ದಿನ, ಬಂಡೆಯ ಮೇಲೆ ಹೂ ಕಚ್ಚಿಕೊಂಡಿದ್ದ ಸಣ್ಣ ಕಲ್ಲುಗಳನ್ನು ಎರಡೂ ಕಡೆಯಿಂದ ಕಿತ್ತು ನಡುವೆ ಬಿಗಿಯಾಗಿ ಜೋಡಿಸಿದ. ಅವಕ್ಕೆ ಹಿಂದೆ ಸರಿಯಲೂ ಎಡೆಯಿರಲಿಲ್ಲ.

ಮೇಲಿನವರು ಬರುವ ಹೊತ್ತಿಗೆ ನಡುವಿನವು ಕರಗಿ ನೀರು ಗಬ್ಬೆದ್ದಿತ್ತು. ಆ ನೀರಿಗೆ ಉಳಿದ ಕೆಂಪಿನವೂ ಸತ್ತವು. ಹಸಿರಿನವು ಹತ್ತೋ ಹನ್ನೆರಡೋ ಉಳಿದವು. ವಿಚಾರಣೆ ನಡೆಯಿತು. "ಭಾವ ಹೇಳಿಕೊಟ್ಟ ಹಾಗೇ ಮಾಡಿದೆ," ಎಂದ ಭಾವಮೈದುನ. ಮೇಲ್ವಿಚಾರಕಿ ಅದನ್ನೇ ಬರೆದುಕೊಂಡಳು.

ಮನೆಯಲ್ಲಿ ಹೆಂಡತಿ ತಟ್ಟೆಯ ಮುಂದೆ ಕೂತು ಹೇಳಿದಳಂತೆ: "ಅವನ ಕೆಲಸ ಕಾಯಂ ಆಗೋ ಹೊತ್ತು ಕಣ್ರೀ. ನೀವು ಹಳಬರು, ನಿಮ್ಮನ್ನ ಏನು ತಾನೇ ಮಾಡ್ತಾರೆ? ಹೊಟ್ಟೆಗೆ ಹಾಕ್ಕೊಳ್ಳಿ."

ಅವನು ಹೊಟ್ಟೆಗೆ ಹಾಕಿಕೊಂಡ. ತಪ್ಪು ತನ್ನದೆಂದು ಸಹಿ ಮಾಡಿದ. ತೊಟ್ಟಿಯ ಕಡೆ ಹೋಗಕೂಡದೆಂದು ಅವನನ್ನು ಬಾಗಿಲಲ್ಲಿ ಚೀಟಿ ಹರಿಯಲು ಕೂರಿಸಿದರು.

ಮರುವರ್ಷ ನಾನು ಮಕ್ಕಳೊಂದಿಗೆ ಬಾಗಿಲಲ್ಲಿ ನಿಂತಿದ್ದಾಗ ಭಾವಮೈದುನ ಒಳಗಿನಿಂದ ಓಡಿಬಂದ.

"ಭಾವ, ಹಸಿರಿನವು ಮೂರು ದಿನದಿಂದ ಬಾಯಿ ತೆರೀತಿಲ್ಲ. ಮೇಡಂ ಒಪ್ಪಿದ್ದಾರೆ. ಒಂದ್ಸಲ ಬಂದು ನೋಡಿ."

ಉಪ್ಪಣ್ಣ ತಲೆಯೆತ್ತಲಿಲ್ಲ. "ನನಗೇನು ಗೊತ್ತಪ್ಪಾ? ನಾನು ಹೇಳಿಕೊಟ್ರೆ ಸಾಯ್ತವೆ ಅಂತ ಬರೆದಿದೆಯಲ್ಲ."

"ಅಕ್ಕನ ಮುಖ ನೋಡಿಯಾದ್ರೂ..."

"ಅದನ್ನ ಒಂದ್ಸಲ ನೋಡಿ ಆಯ್ತು."

ನಾನೂ ಮೆಲ್ಲಗೆ ಹೇಳಿದೆ: "ಹೋಗಿ ಬಾ ಉಪ್ಪಣ್ಣ, ಪಾಪ, ಆ ಜೀವಗಳು ಏನು ಮಾಡಿದವು?"

"ಏನೂ ಮಾಡಿಲ್ಲ ಮೇಷ್ಟ್ರೇ," ಎಂದು ಅವನು ಮುಂದಿನ ಮಗುವಿನ ಚೀಟಿಗೆ ಕೈ ಚಾಚಿದ.

ಅದರ ಮುಂದಿನ ವರ್ಷ ಐದನೆಯ ತೊಟ್ಟಿಯಲ್ಲಿ ಬಣ್ಣದ ಮೀನುಗಳಿದ್ದವು. ಮಕ್ಕಳು ಬಹಳ ಖುಷಿಪಟ್ಟರು.