ಅರಮನೆಯ ಒಂದು ಎತ್ವ

ಯಮುನಮ್ಮ ಮೂವತ್ನಾಲ್ಕು ವರ್ಷ ಕೊಪ್ಪದಲ್ಲಿ ಸರ್ಕಾರಿ ನಕಲುಗಾರ್ತಿಯಾಗಿದ್ದರು. ಹಳೆಯ ಪತ್ರಗಳನ್ನು ಹೊಸ ಹಾಳೆಗೆ ಇಳಿಸುವುದು ಅವರ ಕೆಲಸ. ಅದಕ್ಕಿದ್ದದ್ದು ಒಂದೇ ನಿಯಮ: ಇದ್ದದ್ದು ಇದ್ದ ಹಾಗೆ. ಮೂಲದಲ್ಲಿ ಭೀಮಪ್ಪ ಬಿಮಪ್ಪನಾಗಿದ್ದರೆ ನಕಲಿನಲ್ಲೂ ಅವನು ಬಿಮಪ್ಪನೇ. ಕೊನೆಗೆ ಎರಡು ರುಜು ಬೇಕು, ನಕಲು ಮಾಡಿದವರದು ಒಂದು, ತಾಳೆ ನೋಡಿದವರದು ಇನ್ನೊಂದು. ಎರಡನೆಯದಿಲ್ಲದೆ ಮೊದಲನೆಯದಕ್ಕೆ ಕವಡೆ ಕಿಮ್ಮತ್ತಿಲ್ಲ.

ಅವರು ಮದುವೆಯಾಗಿ ಸೇರಿದ ಮನೆತನದ ಹೆಸರು ಅರಮನೆ. ಅಡ್ಡಗದ್ದೆ ಕಡೆಯ ಈ ಜನ ತಾವು ಅರಸು ಕುಲದ ಕವಲು ಎಂದು ಹೇಳಿಕೊಳ್ಳುತ್ತಿದ್ದರು. ಯಾವ ಅರಸು ಎಂದರೆ ಒಬ್ಬರು ಕೆಳದಿ ಎನ್ನುತ್ತಿದ್ದರು, ಇನ್ನೊಬ್ಬರು ಕಳಸ; ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಎರಡೂ ಒಂದೇ ಆಗಿಬಿಡುತ್ತಿತ್ತು. ಯಮುನಮ್ಮನ ಅಪ್ಪನೋ ಜಯಪುರದ ಹೋಟೆಲಿನಲ್ಲಿ ಲೋಟ ತೊಳೆದು ಬೆಳೆದವರು. ತಾವು ಯಾವ ಊರಿನವರೆಂದು ಅವರಿಗೇ ಗೊತ್ತಿರಲಿಲ್ಲ. ನೌಕರಿ ನೋಡಿ ಸೊಸೆ ಮಾಡಿಕೊಂಡ ಅತ್ತೆ, ನಾಲ್ಕು ಜನ ಪಂಕ್ತಿಯಲ್ಲಿ ಕೂತಾಗಲೆಲ್ಲ, “ನಮ್ ಸೊಸೇದು ಎಲ್ಲಿಯ ಮೂಲವೋ ಎಂತದೋ” ಎನ್ನುತ್ತಿದ್ದರು. ಗಂಡ ವೆಂಕಟರಮಣ ಅದೇ ಪಂಕ್ತಿಯಲ್ಲಿ ತಲೆ ಬಗ್ಗಿಸಿ ಸಾರು ಕಲಸುತ್ತಿದ್ದರು. ಅತ್ತೆ ತೀರಿಕೊಂಡ ಮೇಲೆ ಆ ಮಾತನ್ನು ಯಮುನಮ್ಮ ಮರೆತರು. ಸಾರು ಕಲಸುವ ಆ ಕೈಯನ್ನು ಮಾತ್ರ ಮರೆಯಲಾಗಲಿಲ್ಲ. ಅದರ ನೆನಪು ಈಗಲೂ ನೋಯಿಸುತ್ತಿತ್ತು.

ಈ ವರ್ಷ ಮೈದುನನ ಮಗ ಧರ್ಮೇಶ್ ವಂಶಾವಳಿಯ ಪುಸ್ತಕ ಅಚ್ಚು ಹಾಕಿಸಲು ಹೊರಟ. ಮನೆಯ ಹಳೆಯ ಪೆಟ್ಟಿಗೆಯಲ್ಲಿ ಸಿಕ್ಕ ಒಂದು ಜೀರ್ಣ ಕಾಗದವನ್ನು ತಂದು ದೊಡ್ಡಮ್ಮನ ಮುಂದಿಟ್ಟ.

“ಇದರಲ್ಲಿ ನಮ್ಮ ರಾಜನ ಹೆಸರು ಇದ್ದೇ ಇರ್ತದೆ ದೊಡ್ಡಮ್ಮ. ಮೊದಲನೇ ಪುಟಕ್ಕೇ ಹಾಕೋದು. ನಕಲು ಮಾಡಿ ಕೊಡಿ.”

ಯಮುನಮ್ಮ ಎರಡು ದಿನ ಕೂತು ಬರೆದರು. ಮೂರನೆಯ ದಿನ ಬೆಳಿಗ್ಗೆ ಧರ್ಮೇಶನ ಎದುರು ಓದಿದರು: “ಘಟ್ಟ ಹತ್ತಿ ಕೈಗೂಸಿನೊಡನೆ ಬಂದ ಹೆಂಗಸು. ಮೂಲ ತಿಳಿಯದು. ಊರವರು ಕರುಣೆಯಿಂದ ನಿಲ್ಲಲು ಅರೆಮನೆ ಬಿಟ್ಟುಕೊಟ್ಟರು. ಆ ಕೂಸಿನ ಸಂತತಿ ಅರೆಮನೆಯವರು.”

“ಅರಮನೆ ಅಲ್ವಾ?”

“ಅರೆಮನೆ. ಅರ್ಧ ಮನೆ. ಮೂರು ಕಡೆ ಬರೆದಿದ್ದಾರೆ, ಮೂರು ಕಡೆಯೂ ಎತ್ವ ಉಂಟು.”

ಧರ್ಮೇಶನ ಮುಖ ಇಳಿಯಿತು. “ಒಂದು ಎತ್ವ ತಾನೆ, ಬಿಟ್ಟುಬಿಡಿ ಮಾರಾಯ್ರೆ. ಆ ಹೆಂಗಸಿನ ಸುದ್ದಿಯೂ ಬೇಡ.”

“ಬಿಡಲಿಕ್ಕೆ ಅದು ನನ್ನದಲ್ಲ.”

“ಹಾಗಾದ್ರೆ ತಾಳೆ ನೋಡಿ ರುಜು ಹಾಕೋರು ಯಾರು? ನಾನಂತೂ ಇಲ್ಲ. ದೊಡ್ಡಮ್ಮ ಹಳೇ ಸಿಟ್ಟು ತೀರಿಸ್ಕೊಂಡ್ರು ಅಂತಲೇ ಎಲ್ಲರೂ ಹೇಳೋದು.”

ಯಮುನಮ್ಮನಿಗೆ ಅದು ಚುರುಕ್ಕೆಂದಿತು. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ತಾನೊಬ್ಬಳೇ ರುಜು ಹಾಕಿದರೆ ಈ ಕಾಗದ ಮತ್ತೆ ಪೆಟ್ಟಿಗೆ ಸೇರುತ್ತದೆ, ಆ ಹೆಂಗಸೂ ಸೇರುತ್ತಾಳೆ. ಅವರು ಮೂಲ, ನಕಲು ಎರಡನ್ನೂ ಪಕ್ಕದಲ್ಲಿ ಪೇಪರು ಓದುತ್ತಿದ್ದ ಗಂಡನ ಕಡೆ ಸರಿಸಿದರು.

ವೆಂಕಟರಮಣ ಪೇಪರು ಮಡಚಿಟ್ಟು ಕನ್ನಡಕ ಹಾಕಿಕೊಂಡರು. ಬೆರಳಿಟ್ಟು ಓದುತ್ತ ಹೋದರು. “ಮೂಲ ತಿಳಿಯದು” ಎಂಬಲ್ಲಿ ಬೆರಳು ನಿಂತಿತು.

“ದೊಡ್ಡಪ್ಪ, ನೀವಾದ್ರೂ ಹೇಳಿ” ಎಂದ ಧರ್ಮೇಶ್.

“ಹೇಳ್ಬೇಕಿತ್ತು ಮಾರಾಯ. ಅಮ್ಮ ಇದ್ದಾಗಲೇ ಹೇಳ್ಬೇಕಿತ್ತು” ಎಂದರು ಅವರು. ಧರ್ಮೇಶನಿಗೆ ಅದು ಅರ್ಥವಾಗಲಿಲ್ಲ.

ತಾಳೆ ನೋಡಿದವರು ಎಂಬ ಜಾಗದಲ್ಲಿ, ಚಿಕ್ಕಂದಿನಿಂದ ಬಂದ ಅಭ್ಯಾಸದಂತೆ, ಅರಮನೆ ವೆಂಕಟರಮಣ ಎಂದು ಬರೆದರು. ಆಮೇಲೆ ಪೆನ್ನನ್ನು ಹಿಂದಕ್ಕೆ ತಂದು ರಕಾರದ ಮೇಲೆ ಎತ್ವ ಕೊಟ್ಟರು.

ಯಮುನಮ್ಮ ಹಾಳೆ ಎತ್ತಿಕೊಂಡು ಆ ರುಜುವನ್ನೂ ಒಂದು ಸಲ ತಾಳೆ ನೋಡಿದರು.